ಪೈಪಿನೊಳಗಿನ ಗುಳ್ಳೆ

ನಮ್ಮ ಬಾಲವಾಡಿಯ ಗೋಡೆಗೆ ಎರಡು ಮೊಳೆ ಹೊಡೆದಿದೆ. ಒಂದಕ್ಕೆ ಅಕ್ಷರದ ತಖ್ತೆ, ಇನ್ನೊಂದಕ್ಕೆ ನನ್ನ ಪೈಪು. ಕಿರುಬೆರಳಿನಷ್ಟು ದಪ್ಪ, ಒಳಗಿನದು ಹೊರಗೆ ಕಾಣುವಂಥದ್ದು, ಸುರುಳಿ ಬಿಚ್ಚಿದರೆ ಹತ್ತು ಮಾರು ಬರುತ್ತದೆ. ನೋಡಿದವರು ಇದೇನು, ದವಾಖಾನೆಯದೇ ಎಂದು ಕೇಳುತ್ತಾರೆ. ದವಾಖಾನೆಯದಲ್ಲ. ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಲೆವೆಲ್ ನೋಡುವ ಪೈಪು. ನೀವು ಓದಿದವರು, ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಕೇಳಿ. ಪೈಪಿಗೆ ನೀರು ತುಂಬಿ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ನಾನು ಹಿಡಿಯುತ್ತೇನೆ. ನೀವು ಅಡುಗೆಮನೆಯಲ್ಲಿ ನಿಂತಿರಿ, ನಾನು ಹಿತ್ತಲಲ್ಲಿ. ನಡುವೆ ಗೋಡೆ ಇರಲಿ, ಪೈಪು ಎರಡು ಮೂಲೆ ತಿರುಗಿ ಬರಲಿ. ನಿಮ್ಮ ತುದಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆಯೋ ನನ್ನ ತುದಿಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲೊಂದು ಗೆರೆ, ಇಲ್ಲೊಂದು ಗೆರೆ. ಆ ಗೆರೆ ಹಿಡಿದು ನೆಲ ಹಾಕುತ್ತಾರೆ. ಫಾತೋರ್ಡಾದಲ್ಲೋ ವಾಸ್ಕೋದಲ್ಲೋ ನಿಮ್ಮ ಮನೆಯ ನೆಲ ಸಮನಾಗಿದ್ದರೆ, ನನ್ನಂಥವಳೊಬ್ಬಳು ಬಿಸಿಲಲ್ಲಿ ತುದಿ ಹಿಡಿದು ನಿಂತಿದ್ದಳು ಎಂದು ತಿಳಿಯಿರಿ.

ಮೂವತ್ತು ವರ್ಷ ನಾನು ಆ ತುದಿ ಹಿಡಿದೆ. ಇನ್ನೊಂದು ತುದಿ ನನ್ನ ಗಂಡನ ಕೈಯಲ್ಲಿ. ಮದುವೆಯಲ್ಲಿ ಅವನ ಕೈ ಹಿಡಿದದ್ದು ಒಂದು ಗಳಿಗೆ, ಆಮೇಲೆಲ್ಲ ಪೈಪೇ. ಅದರಲ್ಲಿ ಕಲಿಯುವುದು ಹೆಚ್ಚೇನಿಲ್ಲ. ನಡೆಯುವಾಗ ನೀರು ಚೆಲ್ಲದಂತೆ ಹೆಬ್ಬೆರಳಿನಿಂದ ಬಾಯಿ ಮುಚ್ಚಬೇಕು, ಗೆರೆ ಹಾಕುವ ಮೊದಲು ಹೆಬ್ಬೆರಳು ತೆಗೆಯಬೇಕು. ತೆಗೆಯದಿದ್ದರೆ ನೀರು ಕಟ್ಟಿಹಾಕಿದ ಎಮ್ಮೆಯ ಹಾಗೆ ಇದ್ದಲ್ಲೇ ನಿಲ್ಲುತ್ತದೆ. ಮತ್ತೆ, ಪೈಪಿನೊಳಗೆ ಗಾಳಿಯ ಗುಳ್ಳೆ ಇರಬಾರದು. ಗುಳ್ಳೆ ಇದ್ದರೆ ನೀರು ಸುಳ್ಳು ಹೇಳುತ್ತದೆ. ಇಷ್ಟೇ ವಿದ್ಯೆ.

ಇಷ್ಟೇ ವಿದ್ಯೆಯಲ್ಲೂ ಮದುವೆಯಾದ ವರ್ಷವೇ ನಾನು ತಪ್ಪಿದೆ. ಫಾತೋರ್ಡಾದ ಒಂದು ಫ್ಲ್ಯಾಟಿನ ಬಚ್ಚಲು. ಕೆಳಗೆ ರಸ್ತೆಯಲ್ಲಿ ಮದುವೆಯ ಬ್ಯಾಂಡು ಹೊರಟಿತ್ತು, ಕಿಟಕಿಯಿಂದ ನೋಡುತ್ತ ನಿಂತೆ, ಹೆಬ್ಬೆರಳು ತೆಗೆಯಲೇ ಇಲ್ಲ. ಬಚ್ಚಲು ಮುಗಿದ ಮೇಲೆ ನೀರು ಹೊಯ್ದರೆ ಅದು ಮೋರಿ ಬಿಟ್ಟು ಅಡುಗೆಮನೆಯ ದಾರಿ ಹಿಡಿಯಿತು. ಕೆಲಸ ನೋಡಿಕೊಳ್ಳುವ ಮುಕಾದಮ ಎಲ್ಲರೆದುರು ನನ್ನ ಗಂಡನನ್ನು ಬೈದ. ಊಟಕ್ಕೆ ಕೂತಾಗ ಗಂಡ ಕೇಳಿದ, “ಬೆರಳ ತಗದಿದ್ದಿ ಹೌದಲ್ಲ?”

“ತಗದಿದ್ನಿ.”

“ಹಂಗಾದ್ರ ಗೆರಿ ನಾನ ತಪ್ಪ ಹಾಕೇನಿ.”

ಎರಡು ದಿನ ಕೂತು ಒಡೆದು ಮತ್ತೆ ಹಾಕಿದ. ಅವನು ಸಾಯುವ ತನಕ ನಾನು ಹೇಳಲಿಲ್ಲ. ಅದಕ್ಕಾಗಿ ಕೊರಗಿದ್ದೇನೆಯೇ ಎಂದು ಕೇಳಬೇಡಿ. ಇಲ್ಲ. ಹೇಳಿದ್ದರೆ ಬೈಯುತ್ತಿದ್ದ, ಅಷ್ಟೆ.

ಮೊಣಕಾಲು ಕೈಕೊಟ್ಟ ಮೇಲೆ ಕಟ್ಟಡದ ಸೈಟಿನ ಕೆಲಸ ಬಿಟ್ಟೆ. ಈಗ ಕೊರ್ತಾಲಿಮ್‌ನಲ್ಲಿ, ಸೇತುವೆಯ ಲಾರಿ ಸದ್ದು ದಿನವಿಡೀ ಕೇಳುವಷ್ಟು ಹತ್ತಿರ, ಒಂದೇ ಕೋಣೆಯ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಹತ್ತೊಂಬತ್ತು ಮಕ್ಕಳು. ಅವರ ಅವ್ವಂದಿರು ಬೆಳಿಗ್ಗೆ ಟೆಂಪೋ ಹತ್ತಿ ದಾಬೋಲಿಮ್ ಕಡೆಯ ಸೈಟುಗಳಿಗೆ ಹೋದರೆ ಬರುವುದು ಸಂಜೆ. ಮಕ್ಕಳು ನನ್ನನ್ನು ಆಯಿ ಅನ್ನುತ್ತಾರೆ. ನಮ್ಮ ವಿಜಯಪುರದ ಕಡೆ ಅಜ್ಜಿಗೆ ಹಾಗೆ ಅನ್ನುವುದು. ಕಲಿಸುವವರು ಸುಧಾ ಟೀಚರ್, ಧಾರವಾಡದವರು, ಗಂಡನಿಗೆ ವಾಸ್ಕೋದಲ್ಲಿ ಬ್ಯಾಂಕಿನ ಕೆಲಸ. ವಯಸ್ಸಿನಲ್ಲಿ ನನ್ನ ಮೊಮ್ಮಗಳಾಗಬೇಕು. ಆದರೂ ಟೀಚರ್ ಅಂದ ಮೇಲೆ ಮಾತಿನ ಕೊನೆಗೆ ‘ರೀ’ ಹಚ್ಚಬೇಕು, ಹಚ್ಚುತ್ತೇನೆ. ಅವರೂ ನನಗೆ ಹಚ್ಚುತ್ತಾರೆ. ಹೀಗೆ ‘ರೀ’ ಹಚ್ಚಿಕೊಂಡೇ ನಾವು ದಿನಾ ಜಗಳಾಡುತ್ತೇವೆ.

ಹೋದ ಮಳೆಗಾಲದಲ್ಲಿ ಅಂಗಳದ ನೀರು ಹೊಸ್ತಿಲು ದಾಟಿ ಕೋಣೆಯೊಳಗೆ ಬಂತು. ಮಕ್ಕಳನ್ನು ಬೆಂಚಿನ ಮೇಲೆ ಕೋಳಿಗಳ ಹಾಗೆ ಸಾಲಾಗಿ ಕೂರಿಸಿದೆವು. ಹತ್ತೊಂಬತ್ತರಲ್ಲಿ ಹದಿಮೂರಕ್ಕೆ ಕೆಮ್ಮು. ಬಾಲವಾಡಿ ನಡೆಸುವ ಸಂಸ್ಥೆಯ ಮ್ಯಾಡಮ್ ಬಂದರು, ಬೆಳಗಾವಿಯವರು, ನೋಡಿದರು, ಒಂದೇ ಮಾತು ಹೇಳಿದರು. “ಮುಂದಿನ ಮಳಿಗೂ ಹಿಂಗ ನೀರು ಒಳಗ ಬಂತಂದ್ರ ಇದನ್ನ ಮುಚ್ಚತೇವಿ. ಮಕ್ಕಳನ್ನ ಫಾತೋರ್ಡಾದ ಬಾಲವಾಡಿಗೆ ಹಾಕ್ರಿ.”

ಫಾತೋರ್ಡಾಕ್ಕೆ ಯಾರು ಬಿಟ್ಟು ಬರುತ್ತಾರೆ? ಟೆಂಪೋ ಹೋಗುವುದು ಆ ಕಡೆಗೆ, ಫಾತೋರ್ಡಾ ಇರುವುದು ಈ ಕಡೆಗೆ. ಮುಚ್ಚಿದರೆ ಮಕ್ಕಳು ಅವ್ವಂದಿರ ಜೊತೆ ಸೈಟಿಗೇ ಹೋಗಬೇಕು. ಸೈಟಿನಲ್ಲಿ ಮಕ್ಕಳು ಹೇಗಿರುತ್ತಾರೆ ನನಗೆ ಗೊತ್ತು. ನನ್ನ ಮಗ ಬಸುವನ್ನು ಉಸುಕಿನ ಗುಡ್ಡೆಯ ಪಕ್ಕ ಕಂಬಕ್ಕೆ ಹಳೆ ಸೀರೆಯಿಂದ ಕಟ್ಟಿ ಬೆಳೆಸಿದವಳು ನಾನು. ಅವನ ಹಣೆಯ ಮೇಲೆ ಕಬ್ಬಿಣದ ಸಲಾಕೆ ಬಿದ್ದ ಗುರುತು ಇನ್ನೂ ಇದೆ. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅದಕ್ಕೇ ಈ ಕೋಣೆ ಉಳಿಯಬೇಕು ಎಂದು ನಾನು ಹಟ ಹಿಡಿದದ್ದು.

ಈ ಬೇಸಿಗೆಯಲ್ಲಿ ಸುಧಾ ಟೀಚರ್ ಒಂದು ಹಾಳೆ ತಂದರು. ಅದರಲ್ಲಿ ಟಬ್ಬು, ಮಗ್ಗು, ದೋಣಿಯ ಚಿತ್ರ.

“ಇದೇನ್ರಿ?”

“ನೀರಿನ ವಿಜ್ಞಾನಾರಿ ಆಯಿ. ಯಾವುದು ತೇಲ್ತದ, ಯಾವುದು ಮುಳಗ್ತದ, ನೀರು ಎತ್ಲಾಗ ಹರೀತದ, ಎಲ್ಲಾ ಮಕ್ಕಳ ಕೈಯಿಂದನ ಮಾಡಸೂದು.”

“ನೀರು ಚೆಲ್ಲೂದಕ್ಕ ವಿಜ್ಞಾನ ಅಂತಾರೇನ್ರಿ? ನಮ್ಮ ಮನ್ಯಾಗ ಅದಕ್ಕ ಹೊಡತ ಬೀಳ್ತಿದ್ವು.”

ನಮ್ಮಲ್ಲಿ ನೀರು ಟ್ಯಾಂಕರಿನಿಂದ ಬರುತ್ತದೆ. ಒಂದು ಟಬ್ಬು ಆಟಕ್ಕೆ ಸುರಿಯುವುದು ನನಗೆ ಸೇರಲಿಲ್ಲ. ಜಗಳಾಡಿ ಒಪ್ಪಂದಕ್ಕೆ ಬಂದೆವು. ಆಟ ಮುಗಿದ ನೀರಿನಿಂದ ನಾನು ನೆಲ ಒರೆಸುವುದು, ಒರೆಸಿದ್ದು ಹಿತ್ತಲಿನ ಮೆಣಸಿನ ಗಿಡಕ್ಕೆ. ಈಗ ಹೇಳಬಹುದು, ಆ ಗಿಡಕ್ಕೆ ಈ ವರ್ಷದಷ್ಟು ಕಾಯಿ ಹಿಂದೆಂದೂ ಬಿಟ್ಟಿರಲಿಲ್ಲ.

ಮೊದಲ ದಿನ ತೇಲುವುದು, ಮುಳುಗುವುದು. ತೆಂಗಿನ ಚಿಪ್ಪು ತೇಲಿತು. ಚಮಚ ಮುಳುಗಿತು. ಟೀಚರ್ ಒಂದು ಕಿತ್ತಳೆ ಹಾಕಿದರು, ತೇಲಿತು. ಅದೇ ಕಿತ್ತಳೆಯ ಸಿಪ್ಪೆ ಸುಲಿದು ಹಾಕಿದರು, ತಳಕ್ಕೆ ಹೋಯಿತು. ನಾನು ಇಷ್ಟು ವರ್ಷ ಕಿತ್ತಳೆ ತಿಂದಿದ್ದೇನೆ, ಹೀಗೆ ಮುಳುಗುತ್ತದೆ ಎಂದು ಗೊತ್ತಿರಲಿಲ್ಲ. ಯಾಕೆ ಮುಳುಗಿತು ಎಂದು ಟೀಚರ್ ಕೇಳಿದರು. ಶಾಹೀನ್ ಎಂಬ ಹುಡುಗಿ, ಐದು ಇನ್ನೂ ತುಂಬಿಲ್ಲ, ಕೈಯೆತ್ತಿದಳು.

“ಅಂಗಿ ಬಿಚ್ಚಿದ್ರಲ್ಲ, ನಾಚಿಕಿ ಆಗಿ ಮುಳಗೇತಿ.”

ಸಿಪ್ಪೆಯೊಳಗೆ ಗಾಳಿ ಇರುತ್ತದೆ, ಅದು ಎತ್ತಿ ಹಿಡಿಯುತ್ತದೆ ಎಂದು ಟೀಚರ್ ತಿಳಿಸಿ ಹೇಳಿದರು. ಶಾಹೀನ್ ಪೂರ್ತಿ ಒಪ್ಪಲಿಲ್ಲ. ಇನ್ನೂ ಒಂದು ನೋಡೋಣ ಎಂದು ನನ್ನ ಮೂಗಿನ ಮೇಲಿನ ಚಾಳೀಸನ್ನು ತೆಗೆದು ಟಬ್ಬಿಗೆ ಹಾಕಿದಳು. ಅದೂ ಮುಳುಗಿತು.

ಇನ್ನೊಂದು ದಿನ ಕೊಳವೆಯಿಂದ ನೀರು ಎಳೆಯುವ ಆಟ. ಟೀಚರ್ ಪ್ಲಾಸ್ಟಿಕ್ ಸ್ಟ್ರಾ ತಂದಿದ್ದರು. ಅದನ್ನು ನೋಡಿ ನನಗೆ ಉಳ್ಳಾಗಡ್ಡಿಯ ತಪ್ಪಲು, ನೀವು ಈರುಳ್ಳಿ ಎಲೆ ಅನ್ನುವುದು, ನೆನಪಾಯಿತು. ನಮ್ಮೂರ ಹಳ್ಳದಲ್ಲಿ ಬೇಸಿಗೆಗೆ ನೀರು ಮೇಲೆ ಕಾಣುವುದಿಲ್ಲ. ಉಸುಕು ತೋಡಿದರೆ ಒಸರುತ್ತದೆ. ಮೊದಲು ರಾಡಿ. ಅವ್ವ ಪಕ್ಕದಲ್ಲಿ ಕೊಡ ಇಟ್ಟುಕೊಂಡು ತಿಳಿಯಾಗಲಿ ಎಂದು ಕಾಯುತ್ತ ಕೂರುತ್ತಿದ್ದಳು. ನಮಗೆ ಕಾಯುವುದೆಲ್ಲಿ ಬರಬೇಕು? ಹೊಲದಿಂದ ಉಳ್ಳಾಗಡ್ಡಿಯ ಟೊಳ್ಳು ತಪ್ಪಲು ಕಿತ್ತು ತಂದು, ಎರಡೂ ತುದಿ ಚಿವುಟಿ, ರಾಡಿಯ ಮೇಲೆ ನಿಂತ ತೆಳ್ಳನೆಯ ನೀರನ್ನಷ್ಟೇ ಎಳೆದು ಕುಡಿಯುತ್ತಿದ್ದೆವು. ಬಾಯಿತುಂಬ ಉಳ್ಳಾಗಡ್ಡಿಯ ವಾಸನೆ. ಅದನ್ನೂ ಯಾರಾದರೂ ವಿಜ್ಞಾನ ಅಂದಿದ್ದರೆ ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಡುತ್ತಿದ್ದೆನೋ ಇಲ್ಲವೋ. ಇರಲಿ, ಬಿಡುತ್ತಿದ್ದೆ. ಮಾಸ್ತರರು ಭಾಳ ಹೊಡೆಯುತ್ತಿದ್ದರು.

ಹಾಗೆ ಎಳೆಯುವ ಮಾತಿನಿಂದಲೇ ಪೈಪಿನ ಮಾತು ಬಂತು. ಮರುದಿನ ಮನೆಯಿಂದ ತಂದೆ. ಬಿಸಿನೀರಿನಲ್ಲಿ ತೊಳೆದು, ಒಂದು ತುದಿ ಬಕೀಟಿನ ತಳಕ್ಕೆ ಬಿಟ್ಟು, ಇನ್ನೊಂದು ತುದಿ ಟೀಚರ್ ಬಾಯಿಗೆ ಕೊಟ್ಟೆ. ಅವರು ಎಳೆದರು, ನೀರು ಹಾವಿನ ಹಾಗೆ ಹತ್ತಿ ಬಂತು. ಮಕ್ಕಳಿಗೆ ಹೇಳಿದೆ. “ಮ್ಯಾಲಿಂದ ತಂಬಿಗಿಲೆ ಸುರೀಬಾರ್ದು. ಸುರದ್ರ ಒಳಗ ಗುಳ್ಳಿ ಕುಂದರ್ತೈತಿ. ಬಕೀಟಿನಿಂದ ಎಳೀಬೇಕು. ಎಳದ ಮ್ಯಾಲ ಈ ತುದಿಯಿಂದ ಆ ತುದೀತನಕ ಗುಳ್ಳಿ ಐತೇನು ನೋಡಬೇಕು. ಇದ್ರ ಉಗರಿಲೆ ಬಡದು ಓಡಸಬೇಕು.”

ಆಮೇಲೆ ಅದೇ ಅವರ ಆಟವಾಯಿತು. ಒಬ್ಬ ಬೆಂಚಿನ ಮೇಲೆ ನಿಂತು ತುದಿ ಎತ್ತಿ ಹಿಡಿಯುವುದು, ತನ್ನ ಕಡೆಯ ನೀರೇ ಮೇಲೆ ಎಂದು ಪಂದ್ಯ ಕಟ್ಟುವುದು. ಮೇಲೆ ಹಿಡಿದವನ ನೀರೆಲ್ಲ ಕೆಳಗೆ ಕೂತವನ ತೊಡೆಯ ಮೇಲೆ. ನೀರನ್ನು ಸೋಲಿಸಲು ಹದಿನೆಂಟು ಮಕ್ಕಳು ನೋಡಿದರು, ಒಬ್ಬರಿಗೂ ಆಗಲಿಲ್ಲ. ಶಾಹೀನ್ ಮಾತ್ರ ಪಂದ್ಯಕ್ಕೆ ಬರಲಿಲ್ಲ. ಅವಳಿಗೆ ಗುಳ್ಳೆಯದೇ ಹುಚ್ಚು. ಮೂಗು ಪೈಪಿಗೆ ತಾಗಿಸಿಕೊಂಡು ಕುಕ್ಕರಗಾಲಿನಲ್ಲಿ ನಡೆಯುತ್ತ, ಸಾಸಿವೆ ಕಾಳಿನಷ್ಟು ಗುಳ್ಳೆ ಇದ್ದರೂ ಹಿಡಿದು ಬಡಿಯುತ್ತಿದ್ದಳು. “ಆಯಿ, ಇದು ನಮ್ಮ ಹಾಳ್ಯಾಗ ಇಲ್ಲರಿ, ಹಾಳೀಕಿಂತಾ ಚಲೋ ಅದ,” ಅಂದರು ಟೀಚರ್. ನನಗೆ ಎದೆ ಉಬ್ಬಿತು. ಅಂದಿನಿಂದ ಪೈಪಿಗೆ ಗೋಡೆಯಲ್ಲಿ ಮೊಳೆ ಸಿಕ್ಕಿತು.

ಬೇಸಿಗೆ ಮುಗಿಯುತ್ತ ಬಂದಿತ್ತು. ನೀರು ಗಟಾರಕ್ಕೆ ಹೋಗುವ ಹಾಗೆ ಅಂಗಳಕ್ಕೆ ನೆಲ ಹಾಕಲು ಕೋಣೆಯ ಮಾಲಕರು ಅಂತೂ ಸಿಮೆಂಟು ತರಿಸಿಕೊಟ್ಟರು, ಗೌಂಡಿಯನ್ನು ನೀವೇ ನೋಡಿಕೊಳ್ಳಿ ಅಂದರು. ಗೌಂಡಿ ನನ್ನ ಮನೆಯಲ್ಲೇ ಇದ್ದ. ಬಸು. ಸೈಟಿನಲ್ಲಿ ಹೊಸ ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಆ ನೀರಿನಲ್ಲಿ ಚಪ್ಪಲಿ ತೇಲಿಸುತ್ತ ಬೆಳೆದವನು. ಈಗ ಅವನ ಹತ್ತಿರ ಕೆಂಪು ಬೆಳಕು ಬಿಡುವ ಲೆವೆಲ್ ಮಷೀನು ಇದೆ. ನನ್ನ ಪೈಪನ್ನು ಕಂಡರೆ ನಗುತ್ತಿದ್ದ. ಭಾನುವಾರ ಬಂದು ಅಂಗಳದಲ್ಲಿ ಮಷೀನು ಇಟ್ಟ. ಬಿಸಿಲಿಗೆ ಕೆಂಪು ಗೆರೆ ಕಾಣಲೇ ಇಲ್ಲ. ಎರಡು ಸಲ ತಿರುಗಿಸಿ ನೋಡಿದ, ಮುಖ ಸಣ್ಣದು ಮಾಡಿಕೊಂಡ.

“ಯವ್ವಾ, ನಿನ್ನ ಪೈಪ ತಾ.”

ಆ ಮಾತು ಕೇಳಲು ನಾನು ಎಷ್ಟು ದಿನ ಕಾದಿದ್ದೆನೋ. ಓಡಿಹೋಗಿ ತಂದೆ, ಓಡಲು ಬರುವುದಿಲ್ಲ, ಆದರೂ. ಅವನು ಸಿಮೆಂಟು ಕಲಸುತ್ತಿದ್ದ. ತುಂಬುವುದು ನನ್ನ ಪಾಲಿಗೆ ಬಂತು. ಬಕೀಟಿಗೆ ತುದಿ ಬಿಟ್ಟು ಎಳೆದೆ. ನನಗೆ ಮುಂದಿನ ಹಲ್ಲುಗಳಿಲ್ಲ, ತುಟಿಗಳು ಒಳಗೆ ಹೋಗಿವೆ. ಎಳೆದ ಗಾಳಿ ಕೆನ್ನೆಯೊಳಗೇ ತಿರುಗಿತು, ನೀರು ಬರಲಿಲ್ಲ. ಬಸುವನ್ನು ಕರೆದರೆ ಬರುತ್ತಿದ್ದ. ಕರೆಯಲಿಲ್ಲ. ಮಷೀನು ಸೋತು ಪೈಪು ಗೆದ್ದ ಹೊತ್ತಿನಲ್ಲಿ ನನ್ನಿಂದ ಆಗುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ತಂಬಿಗೆ ತೆಗೆದುಕೊಂಡು ಮೇಲಿನಿಂದ ಸುರಿದೆ.

ಶಾಹೀನ್ ಅಲ್ಲೇ ಇದ್ದಳು. ಅವಳ ಅವ್ವ ಮೆಹಬೂಬಿಗೆ ಭಾನುವಾರವೂ ಕೆಲಸ, ಆ ದಿನ ಮಗು ನನ್ನ ಹತ್ತಿರವೇ ಇರುತ್ತದೆ. ಸೆರಗು ಜಗ್ಗಿದಳು.

“ಆಯಿ, ಸುರೀಬಾರ್ದು ಅಂದಿದ್ದಿ.”

“ಆಟದಾಗ ಸುರೀಬಾರ್ದು. ಇದು ಕೆಲಸ.”

ಅವಳು ಪೈಪಿನ ಹತ್ತಿರ ಕೂತು ನೋಡಿದಳು. “ಗುಳ್ಳಿ ಐತಿ.”

ನಾನೂ ಬಗ್ಗಿ ನೋಡಿದೆ. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಏನೂ ಕಾಣಲಿಲ್ಲ. “ಇಲ್ಲ. ಸುಮ್ನ ಕುಂದ್ರು,” ಅಂದೆ. ಸುಮ್ಮನೆ ಕೂತಳು.

ಬಾಗಿಲ ಹತ್ತಿರ ಬಸು ನಿಂತ, ಗಟಾರದ ಕಡೆ ನಾನು. ಅವನು ಅಲ್ಲಿ ಗೆರೆ ಹಾಕಿದ, ಬಂದು ನನ್ನ ತುದಿಯಲ್ಲಿ ಗೆರೆ ಹಾಕಿದ. ಗಟಾರದ ಕಡೆ ಎರಡು ಬೆರಳು ಇಳಿಜಾರು ಲೆಕ್ಕ ಹಿಡಿದು ಅಂಗಳಕ್ಕೆ ಸಿಮೆಂಟು ಎಳೆದ. ಸಂಜೆಗೆ ಹೊಸ ನೆಲ ರೇಷ್ಮೆಯ ಹಾಗಿತ್ತು. ಮೇಲೆ ಗೋಣಿ ಹೊದಿಸಿ ಏಳು ದಿನ ನೀರು ಕುಡಿಸಿದೆ.

ಎಂಟನೆಯ ದಿನ ಗೋಣಿ ತೆಗೆದೆವು. ಸುಧಾ ಟೀಚರ್ ಹೊಸ ನೆಲದ ಮೇಲೆ ದೋಣಿಯ ಪಂದ್ಯ ಇಟ್ಟರು. ಮಕ್ಕಳು ಕಾಗದದ ದೋಣಿ ಮಾಡಿ ಅಂಗಳದ ನಡುವೆ ಸಾಲಾಗಿ ಇಟ್ಟರು. ಗಟಾರಕ್ಕೆ ಯಾರದು ಮೊದಲು ಮುಟ್ಟುತ್ತದೋ ಅವರು ಗೆದ್ದ ಹಾಗೆ. ನಾನು ಬಕೀಟು ಹೊಯ್ದೆ. ದೋಣಿಗಳು ಅಲುಗಾಡಿದವು, ಒಂದು ಸುತ್ತು ತಿರುಗಿದವು, ಆಮೇಲೆ ಗಟಾರಕ್ಕೆ ಬೆನ್ನು ಮಾಡಿ ಬಾಗಿಲ ಕಡೆ ಹೊರಟವು. ಹೊಸ್ತಿಲ ಬಳಿ ನೀರು ಕೂಡಿಕೊಂಡಿತು, ಒಂದು ದೋಣಿ ದಾಟಿ ಕೋಣೆಯೊಳಗೇ ಬಂತು. ಮಕ್ಕಳು ಚಪ್ಪಾಳೆ ಹೊಡೆದರು.

“ಟೀಚರ್, ನನ್ನ ಬೋಟ್ ಸಾಲಿ ಕಲಿಯಾಕ ಬಂತು.”

ಟೀಚರ್ ಒಳಗೆ ಬಂದ ದೋಣಿಯನ್ನು ಕೈಗೆತ್ತಿಕೊಂಡರು. “ಆಯಿ, ಮಳಿಗೆ ಇನ್ನ ಎಷ್ಟ ದಿನಾ ಅದ?”

“ಹೆಚ್ಚಂದ್ರ ಎಂಟ ದಿನರಿ.” ಕಡಲ ಕಡೆಯ ಮೋಡ ನೋಡಿದರೆ ಅಷ್ಟೂ ಇರಲಿಲ್ಲ.

ಬಸು ಸಂಜೆ ಸೈಟಿನಿಂದ ನೇರ ಬಂದ. ನೀರು ಹೊಯ್ದು ನೋಡಿದ. ಕುಕ್ಕರಗಾಲಿನಲ್ಲಿ ಕೂತು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಎದ್ದು ನಿಂತು ಟೀಚರಿಗೆ ಹೇಳಿದ. “ಗೆರಿ ನಾನ ತಪ್ಪ ಹಾಕೇನಿ ಕಾಣಸ್ತೈತ್ರಿ.”

ಅವರಪ್ಪನ ಮಾತೇ, ಅವರಪ್ಪನ ದನಿಯೇ. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಾಹೀನ್ ತಂಬಿಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಬಾಯಿ ಬಿಡಲಿಲ್ಲ. ಸುಮ್ಮನೆ ಕೂರು ಎಂದು ನಾನೇ ಹೇಳಿದ್ದೆನಲ್ಲ, ಹೇಳಿದ ಹಾಗೆ ಕೇಳುವ ಮಗು.

ನನ್ನ ಎದೆಯೇನೂ ಕರಗಲಿಲ್ಲ. ನಾನು ದಿನ ಎಣಿಸುತ್ತಿದ್ದೆ. ತಪ್ಪು ಗೆರೆಯದು ಎಂದು ಇವನು ನಂಬಿದರೆ, ಪೈಪು ತುಂಬುವುದನ್ನು ಮತ್ತೆ ನನಗೇ ಬಿಟ್ಟು ಗೆರೆ ಹಾಕುತ್ತಾನೆ. ಎಳೆಯಲು ನನ್ನಿಂದ ಆಗದು, ಗುಳ್ಳೆ ಮತ್ತೆ ಕೂರುತ್ತದೆ. ನೆಲ ಮತ್ತೆ ಒಳಗೇ ವಾಲುತ್ತದೆ, ಅಷ್ಟರಲ್ಲಿ ಮಳೆ ಬರುತ್ತದೆ, ಮಳೆಯ ಹಿಂದೆ ಮ್ಯಾಡಮ್ ಬರುತ್ತಾರೆ. ಬಚ್ಚಲಿನ ಸುಳ್ಳಿಗೆ ಎರಡು ದಿನ ಕೆಟ್ಟಿತ್ತು. ಈ ಸಲ ಕೆಡಿಸಲು ದಿನಗಳೇ ಇರಲಿಲ್ಲ.

“ಗೆರಿ ಸರಿ ಐತಿ,” ಅಂದೆ. “ಪೈಪ ನಾ ಸುರದು ತುಂಬೇನಿ. ಗುಳ್ಳಿ ಐತಿ ಅಂತ ಈ ಹುಡುಗಿ ಹೇಳಿದ್ಲು. ನಾ ಕೇಳಲಿಲ್ಲ.”

ಬಸು ನನ್ನನ್ನು ನೋಡಿದ, ಪೈಪನ್ನು ನೋಡಿದ. “ಮೂವತ್ತ ವರ್ಷ ಪೈಪ ಹಿಡದಾಕಿ ನೀ.”

“ಹಿಡದೇನಿ. ತುಂಬತಿದ್ದಾಂವ ನಿಮ್ಮಪ್ಪ.”

ಟೀಚರ್ ಆ ಕಡೆ ಮುಖ ತಿರುಗಿಸಿದರು. ನಕ್ಕರೋ ಏನೋ ಕಾಣಲಿಲ್ಲ. ಬಸು ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಕಾಲ ಮೇಲಿನ ಸಿಮೆಂಟು ಕೆರೆದುಕೊಂಡ. ಆಮೇಲೆ ಶಾಹೀನಳನ್ನು ಕರೆದ.

“ಏ ಮೇಸ್ತ್ರಿ, ನಾಳೆ ಮುಂಜಾನೆ ಕೆಲಸಕ್ಕ ಬರ್ತಿ?”

“ಬರ್ತೀನಿ. ಆಯಿನ ಕರೀಬ್ಯಾಡ.”

ಕರೆಯದಿದ್ದರೂ ಹೋದೆ. ಬಸು ಸೈಟಿಗೆ ಎರಡು ದಿನ ರಜೆ ಹೇಳಿ ಬಂದಿದ್ದ. ಸುತ್ತಿಗೆ ಉಳಿಯಿಂದ ರೇಷ್ಮೆಯಂಥ ನೆಲವನ್ನೆಲ್ಲ ಒರಟು ಮಾಡಿದ, ಗಟಾರದ ಕಡೆ ಉಬ್ಬಿದ್ದನ್ನು ಒಡೆದು ತೆಗೆದ. ಬಕೀಟಿನಿಂದ ತಾನೇ ಎಳೆದು ಪೈಪು ತುಂಬಿದ. ಶಾಹೀನ್ ಬಾಗಿಲಿನಿಂದ ಗಟಾರದ ತನಕ ಮೂಗು ಹಚ್ಚಿಕೊಂಡು ನಡೆದಳು. ಒಂದು ಕಡೆ ನಿಂತಳು. ಉಗುರಿನಿಂದ ಬಡಿದಳು. ಹಿಂದಕ್ಕೆ ಬಂದು ಇನ್ನೊಮ್ಮೆ ನೋಡಿದಳು. “ಈಗ ಹಾಕು,” ಅಂದಳು. ಅವನು ಗೆರೆ ಹಾಕಿದ. ಹಳೆಯ ಗೆರೆಗೂ ಹೊಸ ಗೆರೆಗೂ ಗಟಾರದ ಕಡೆ ಮೂರು ಬೆರಳು ಅಂತರ. ನನ್ನ ಮೂರು ಬೆರಳು ಇಟ್ಟು ನೋಡಿದೆ, ಸರಿಯಾಗಿ ಕೂತವು. ಉಳಿದ ಸಿಮೆಂಟು ಕಲಸಿ ಅವನು ಮತ್ತೆ ನೆಲ ಎಳೆದ. ನನಗೆ ಆ ದಿನ ಕೊಟ್ಟ ಕೆಲಸ ಬಕೀಟು ಎತ್ತಿಡುವುದು.

ಹೊಸ ನೆಲಕ್ಕೆ ಐದು ದಿನವೂ ಆಗಿರಲಿಲ್ಲ, ಮಳೆ ಹೊಡೆಯಿತು. ಮೇಲೆ ಹೊದಿಸಿದ ತಾಡಪತ್ರಿ ಗಾಳಿಗೆ ಎದ್ದು ಪಟಪಟ ಬಡಿಯಿತು. ಹನ್ನೊಂದು ಗಂಟೆಗೆ ಗೇಟಿನಲ್ಲಿ ಕೊಡೆ ಕಾಣಿಸಿತು. ಮ್ಯಾಡಮ್ ಬಂದಿದ್ದರು.

“ಇಂಥಾ ಮಳ್ಯಾಗ ಯಾಕ್ ಬಂದ್ರಿ ಮ್ಯಾಡಮ್?” ಅಂದರು ಟೀಚರ್.

“ಒಣಾ ದಿನಾ ಬಂದ್ರ ಏನ್ ತಿಳೀತದ?”

ಕೋಣೆಯೊಳಗೆ ಬಂದು ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತರು. ಹತ್ತೊಂಬತ್ತು ಮಕ್ಕಳೂ ಬಾಗಿಲಿಗೆ ಮುಖ ಮಾಡಿ ಕೂತವು. ಆ ದಿನ ಅಕ್ಷರವಿಲ್ಲ, ಹಾಡಿಲ್ಲ. ಗೇಟಿನ ಕಡೆಯಿಂದ ಕೆಂಪು ನೀರು ನುಗ್ಗಿ ಅಂಗಳಕ್ಕೆ ಬಂತು, ಬಾಗಿಲ ಕಡೆ ಒಂದು ಮೊಳ ಹರಿಯಿತು. ಶಾಹೀನ್ ನನ್ನ ಮಂಡಿ ಗಟ್ಟಿಯಾಗಿ ಹಿಡಿದಳು, ನೋವಿರುವ ಮಂಡಿಯೇ. ನೀರು ಅಲ್ಲಿಂದ ಹೊರಳಿತು. ಹೊರಳಿ ಗಟಾರಕ್ಕೆ ಬಿತ್ತು. ಮತ್ತೆ ಬಂತು, ಮತ್ತೆ ಹೊರಳಿತು. ಮ್ಯಾಡಮ್ ಅರ್ಧ ತಾಸು ಕೂತು ನೋಡಿದರು. ಕೊನೆಗೆ ಹೊಸ್ತಿಲೊಳಗಿನ ಒಂದಿಷ್ಟು ಒದ್ದೆಗೆ ಬೆರಳು ತೋರಿಸಿದರು.

“ಇದು?”

“ಅದು ಗಾಳೀಗೆ ಬಂದದ್ದರಿ. ಗಾಳೀಗೆ ನಾ ಪೈಪ ಹಿಡೀಲೇನು?”

“ನೆಲಾ ಯಾರು ಹಾಕಿದ್ರು?”

“ನನ್ನ ಮಗಾರಿ. ಎರಡ ಸಲ ಹಾಕ್ಯಾನ. ಮೊದಲನೇದು ನಾ ಕೆಡಿಸಿದ್ದು.”

ಮ್ಯಾಡಮ್ ಬಾಲವಾಡಿಯ ವಹಿ ತರಿಸಿ ಅದರಲ್ಲಿ ಏನೋ ಬರೆದರು. ಅವರು ಹೋದ ಮೇಲೆ ಟೀಚರ್ ಓದಿ ಹೇಳಿದರು. ಎರಡೇ ಸಾಲು. ನೀರು ಒಳಗೆ ಬರುತ್ತಿಲ್ಲ. ಬಾಲವಾಡಿ ಇಲ್ಲೇ ಮುಂದುವರಿಯಲಿ.

ಸಂಜೆ ಟೆಂಪೋ ಬಂದು ನಿಂತಿತು. ಮೆಹಬೂಬಿ ತಲೆಗೆ ಸಿಮೆಂಟಿನ ಖಾಲಿ ಚೀಲ ಮಡಚಿ ಹಾಕಿಕೊಂಡು ಇಳಿದು ಬಂದಳು. ಉಳಿದ ಹೆಂಗಸರು ಟೆಂಪೋದಲ್ಲೇ ಕೂತು ನಮ್ಮ ಕಡೆ ನೋಡುತ್ತಿದ್ದರು. ಮೆಹಬೂಬಿ ಒಳಗೆ ಬರಲಿಲ್ಲ. ಮಳೆಯಲ್ಲೇ ನಿಂತು ಕೇಳಿದಳು. “ಮ್ಯಾಡಮ್ ಬಂದಿದ್ರಂತ. ಏನಂದ್ರು ಆಯಿ? ನಾಳಿಂದ ಇಕಿನ್ನ ಸೈಟಿಗೆ ಕರ್ಕೊಂಡ ಹೋಗ್ಲೇನು?”

“ನಾಳೆ ಜಲ್ದಿ ಬಿಟ್ಟ ಹೋಗು,” ಅಂದೆ. “ನೀರಾಗ ಆಡ್ತಾಳ, ಆಕಿ ಚೀಲದಾಗ ಇನ್ನೊಂದ ಚಡ್ಡಿ ಇಡು.”